ಫ್ರೀವೇರ್, ಶೇರ್‌ವೇರ್, ಓಪನ್ ಸೋರ್ಸ್: ನಾನು ಮಾಡಿದ ಪಿಡಿಎಫ್ ಟೂಲನ್ನ ಯಾವ ಲೈಸೆನ್ಸ್ ಹಾಕಿ ಹೊರಗೆ ಬಿಡ್ಲಿ?

ಹೊಸಹಾದಿ ಕೇಳಿದ್ದು:

ಎಲ್ರಿಗೂ ನಮಸ್ಕಾರ. ಆರು ತಿಂಗಳಿಂದ ದಿನಾ ಸಾಯಂಕಾಲ ಕೂತು ಒಂದು ಸಣ್ಣ ಡೆಸ್ಕ್‌ಟಾಪ್ ಟೂಲ್ ಮಾಡಿದೀನಿ. ಪಿಡಿಎಫ್ ಫೈಲ್‌ಗಳನ್ನ ಒಟ್ಟಿಗೆ ಸೇರ್ಸೋದು, ಪುಟ ಹಿಂದೆ ಮುಂದೆ ಮಾಡೋದು, ಪುಟ ಸಂಖ್ಯೆ ಹಾಕೋದು, ಇಷ್ಟೇ ಕೆಲಸ. ಪೈಥಾನ್‌ನಲ್ಲಿ ಬರೆದಿದ್ದು, ವಿಂಡೋಗಳಿಗೆಲ್ಲ ಪೈಕ್ಯೂಟಿ6, ಪುಟ ತೋರ್ಸೋಕೆ ಮತ್ತೆ ಸೇರ್ಸೋಕೆ ಪೈಮ್ಯೂಪಿಡಿಎಫ್, ಕೊನೆಗೆ ಪೈಇನ್‌ಸ್ಟಾಲರ್ ಹಾಕಿ ಒಂದೇ ಇಎಕ್ಸ್‌ಇ ಮಾಡಿದೀನಿ. ಗೆಳೆಯರು ಒಂದಿಬ್ರು ಬಳಸಿ ನೋಡಿ ಚೆನ್ನಾಗಿದೆ, ಎಲ್ರಿಗೂ ಸಿಗೋ ಹಾಗೆ ಹಾಕು ಅಂದ್ರು.

ಈಗ ಸಿಕ್ಕಾಕೊಂಡಿರೋದು ಲೈಸೆನ್ಸ್ ಅನ್ನೋ ಕಡೆ. ನನ್ನ ಯೋಚನೆ ಏನಂದ್ರೆ ಸದ್ಯಕ್ಕೆ ಉಚಿತವಾಗಿ ಕೊಡೋದು, ಸೋರ್ಸ್ ಕೋಡ್, ಅಂದ್ರೆ ನಾನು ಬರೆದ ಮೂಲ ಕೋಡ್, ಕೊಡಲ್ಲ, ಮುಂದೆ ಜನ ಬಳಸ್ತಿದಾರೆ ಅಂತ ಗೊತ್ತಾದ್ರೆ ಜಾಸ್ತಿ ಸೌಲಭ್ಯ ಇರೋ ಒಂದು ಪ್ರೊ ಆವೃತ್ತಿ ಮಾಡಿ ಮಾರೋದು. ಇದನ್ನ ಫ್ರೀವೇರ್ ಅನ್ಬೇಕಾ ಶೇರ್‌ವೇರ್ ಅನ್ಬೇಕಾ? ಫ್ರೀ ಸಾಫ್ಟ್‌ವೇರ್ ಅಂತ ಹಾಕಿದ್ರೆ ತಪ್ಪಾ? ಓದ್ತಾ ಹೋದಷ್ಟೂ ಜಿಪಿಎಲ್, ಎಲ್‌ಜಿಪಿಎಲ್, ಎಜಿಪಿಎಲ್, ಎಂಐಟಿ, ಬಿಎಸ್‌ಡಿ ಅಂತ ಬರ್ತಾನೇ ಇದೆ, ತಲೆ ಕೆಟ್ಟು ಹೋಗಿದೆ. ದಯವಿಟ್ಟು ಯಾರಾದ್ರೂ ಬಿಡಿಸಿ ಹೇಳಿ.

ಹಳೇಫ್ಲಾಪಿ ಉತ್ತರ:

ನಮಸ್ಕಾರ. ಮೊದಲು ಗೋಜಲು ಬಿಡಿಸ್ಕೊಳ್ಳೋಣ. ಫ್ರೀವೇರ್, ಶೇರ್‌ವೇರ್ ಅನ್ನೋವು ನೀವು ಹೇಗೆ ಹಂಚ್ತೀರಿ, ದುಡ್ಡು ಯಾವಾಗ ತಗೋತೀರಿ ಅನ್ನೋದಕ್ಕೆ ಇರೋ ಹೆಸರು. ಓಪನ್ ಸೋರ್ಸ್, ಫ್ರೀ ಸಾಫ್ಟ್‌ವೇರ್ ಅನ್ನೋವು ತಗೊಂಡವರಿಗೆ ಏನೇನು ಮಾಡೋಕೆ ಹಕ್ಕು ಕೊಡ್ತೀರಿ ಅನ್ನೋದಕ್ಕೆ ಇರೋ ಹೆಸರು. ಇವೆರಡನ್ನ ಒಂದೇ ಸಾಲಲ್ಲಿ ನಿಲ್ಲಿಸಿದ್ರೆ ತಲೆ ಕೆಡದೆ ಇನ್ನೇನಾಗುತ್ತೆ. ಇಂಗ್ಲಿಷ್‌ನಲ್ಲಿ ಫ್ರೀ ಅನ್ನೋ ಒಂದೇ ಪದ ಎರಡೂ ಅರ್ಥ ಹೊತ್ಕೊಂಡಿದೆ, ನಮಗೆ ಆ ಕಷ್ಟ ಇಲ್ಲ, ಪುಕ್ಕಟೆ ಬೇರೆ ಮುಕ್ತ ಬೇರೆ. ನೀವು ಕೊಡಬೇಕು ಅಂದ್ಕೊಂಡಿರೋದು ಪುಕ್ಕಟೆ, ಮುಕ್ತ ಅಲ್ಲ. ಹಾಗಾಗಿ ಅದು ಫ್ರೀವೇರ್. ಫ್ರೀ ಸಾಫ್ಟ್‌ವೇರ್ ಅಂತ ಬರೆದ್ರೆ ತಿಳಿದವರು ಖಂಡಿತ ಆಕ್ಷೇಪಣೆ ಮಾಡ್ತಾರೆ.

ಫ್ರೀವೇರ್ ಪದ ಬಂದಿದ್ದು ಆಂಡ್ರ್ಯೂ ಫ್ಲೂಗಲ್‌ಮನ್ ಅನ್ನೋರಿಂದ. 1982ರಲ್ಲಿ ಪಿಸಿ-ಟಾಕ್ ಅನ್ನೋ ಮೋಡೆಮ್ ಪ್ರೋಗ್ರಾಂ ಬರೆದು, ಕಾಪಿ ಮಾಡಿ ಹಂಚಿ, ಇಷ್ಟ ಆದ್ರೆ ದುಡ್ಡು ಕಳ್ಸಿ ಅಂತ ಬಿಟ್ಟರು. ಅಂದ್ರೆ ಆವತ್ತು ಫ್ರೀವೇರ್ ಅಂದಿದ್ದು ಇವತ್ತು ನಾವು ಶೇರ್‌ವೇರ್ ಅನ್ನೋದನ್ನೇ. ಆ ಹೆಸರನ್ನ ಅವರು ಟ್ರೇಡ್‌ಮಾರ್ಕ್ ಮಾಡ್ಕೊಂಡಿದ್ರಿಂದ ಬೇರೆಯವರು ಬೇರೆ ಹೆಸರು ಹುಡುಕ್ಬೇಕಾಯ್ತು. ಅದೇ ಹೊತ್ತಿಗೆ ಜಿಮ್ ನಾಫ್ ಅನ್ನೋರು ಪಿಸಿ-ಫೈಲ್ ಅನ್ನೋ ಡೇಟಾಬೇಸ್ ಪ್ರೋಗ್ರಾಮನ್ನ ಹೀಗೇ ಹಂಚ್ತಿದ್ರು. ಮಾರನೇ ವರ್ಷ ಬಾಬ್ ವಾಲೇಸ್, ಮೈಕ್ರೋಸಾಫ್ಟ್‌ನ ಮೊದಮೊದಲ ನೌಕರರಲ್ಲಿ ಒಬ್ರು, ಪಿಸಿ-ರೈಟ್ ಅನ್ನೋ ವರ್ಡ್ ಪ್ರೊಸೆಸರನ್ನ ಶೇರ್‌ವೇರ್ ಅಂತ ಕರೆದು ಹಂಚಿದ್ರು. ಅವರದ್ದು ನಂಗೆ ಬಹಳ ಇಷ್ಟವಾದ ಏರ್ಪಾಡು, ದುಡ್ಡು ಕೊಟ್ಟು ರಿಜಿಸ್ಟರ್ ಆದವರಿಗೆ ಒಂದು ನಂಬರ್ ಕೊಡೋರು, ಅವರು ಹಂಚಿದ ಫ್ಲಾಪಿಯಿಂದ ಇನ್ನೊಬ್ರು ರಿಜಿಸ್ಟರ್ ಆದ್ರೆ ಹಂಚಿದವರಿಗೆ ಕಮಿಷನ್ ಹೋಗೋದು. ಕಾಪಿ ಮಾಡೋನು ಕಳ್ಳ ಅನ್ನೋ ಕಾಲದಲ್ಲಿ ಕಾಪಿ ಮಾಡೋನನ್ನೇ ಮಾರಾಟಗಾರ ಮಾಡಿದ್ರು ಆ ಮನುಷ್ಯ.

ಆಮೇಲೆ ಶೇರ್‌ವೇರ್ ಬೇರೆ ಬೇರೆ ರೂಪ ತಗೊಳ್ತು. 1993ರ ಡೂಮ್ ಗೇಮ್ ಗೊತ್ತಿರ್ಬೇಕು, ಮೊದಲ ಎಪಿಸೋಡ್‌ನ ಒಂಬತ್ತು ಲೆವೆಲ್ ಪುಕ್ಕಟೆ, ಉಳಿದಿದ್ದಕ್ಕೆ ದುಡ್ಡು. ವಿನ್‌ರಾರ್ 40 ದಿನದ ಟ್ರಯಲ್ ಅನ್ನುತ್ತೆ, 41ನೇ ದಿನವೂ ತೆರ್ಕೊಳ್ಳುತ್ತೆ, ಒಂದು ಸೂಚನೆ ಮಾತ್ರ ತೋರ್ಸುತ್ತೆ. ಅವಧಿ ಮುಗಿದ ಮೇಲೆ ಬಳಸೋಕೆ ಲೈಸೆನ್ಸ್ ಪ್ರಕಾರ ಅನುಮತಿ ಇಲ್ಲ, ಆದ್ರೆ ಪ್ರೋಗ್ರಾಂ ತಡೆಯಲ್ಲ. ನಿಮ್ಮ ಪ್ರೊ ಆವೃತ್ತಿ ಯೋಚನೆಗೆ ಈಗ ಫ್ರೀಮಿಯಂ ಅಂತಾರೆ. ಹೆಸರು ಏನೇ ಇರಲಿ, ಫ್ರೀವೇರ್ ಅಂತ ಬರೆದ ಮಾತ್ರಕ್ಕೆ ಲೈಸೆನ್ಸ್ ಆಗಲ್ಲ. ಆಫೀಸಿನಲ್ಲಿ ಬಳಸಬಹುದಾ, ಬೇರೆ ಸೈಟಿಗೆ ಏರಿಸಬಹುದಾ ಅಂತ ನೀವೇ ಬರೆದು ಕೊಡ್ಬೇಕು.

ಬಿಲ್ಡ್‌ಮುರಿದವನು ಉತ್ತರ:

ಹಳೇಫ್ಲಾಪಿ ಸರ್ ಹೇಳಿದ್ದೆಲ್ಲ ಸರಿ, ಆದ್ರೆ ಹೊಸಹಾದಿಯವರೇ, ಅದಕ್ಕೂ ಮುಂಚೆ ಒಂದು ವಿಷಯ ಇದೆ, ದಯವಿಟ್ಟು ಇದನ್ನ ನೋಡೋ ತನಕ ಇಎಕ್ಸ್‌ಇ ಹೊರಗೆ ಹಾಕ್ಬೇಡಿ. ನೀವು ಯಾವ ಲೈಸೆನ್ಸ್ ಹಾಕ್ಬೇಕು ಅಂತ ಕೇಳ್ತಿದೀರಿ, ಆದ್ರೆ ಈಗಿರೋ ರೂಪದಲ್ಲಿ ಆ ಆಯ್ಕೆ ನಿಮ್ಮ ಕೈಲಿ ಇಲ್ಲ.

ಪೈಕ್ಯೂಟಿ6 ಎರಡು ಲೈಸೆನ್ಸ್‌ನಲ್ಲಿ ಸಿಗುತ್ತೆ, ಒಂದು ಜಿಪಿಎಲ್ ಆವೃತ್ತಿ 3, ಇನ್ನೊಂದು ದುಡ್ಡು ಕೊಟ್ಟು ತಗೊಳ್ಳೋ ಕಮರ್ಷಿಯಲ್ ಲೈಸೆನ್ಸ್. ಪಿಪ್ (ಪೈಥಾನ್ ಪ್ಯಾಕೇಜ್ ಹಾಕೋ ಟೂಲ್) ಇನ್‌ಸ್ಟಾಲ್ ಮಾಡಿದ್ರೆ ಬರೋದು ಜಿಪಿಎಲ್‌ದು. ಪೈಮ್ಯೂಪಿಡಿಎಫ್ ಇನ್ನೂ ಬಿಗಿ, ಅದು ಎಜಿಪಿಎಲ್ ಅಥವಾ ಕಮರ್ಷಿಯಲ್. ಇವೆರಡನ್ನ ಸೇರಿಸಿ ಇಎಕ್ಸ್‌ಇ ಮಾಡಿ ಹೊರಗೆ ಕೊಟ್ರೆ, ತಗೊಂಡವರಿಗೆ ನಿಮ್ಮ ಪೂರ್ತಿ ಪ್ರೋಗ್ರಾಂನ ಸೋರ್ಸನ್ನ ಅದೇ ಷರತ್ತಿನಲ್ಲಿ ಕೊಡ್ಬೇಕು. ಪುಕ್ಕಟೆ ಕೊಡ್ತಿದೀನಲ್ಲ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ. ಜಿಪಿಎಲ್ ದುಡ್ಡಿನ ಬಗ್ಗೆ ತಲೆ ಕೆಡಿಸ್ಕೊಳ್ಳೋದೇ ಇಲ್ಲ, ಮಾರಿ ಬೇಕಾದ್ರೆ ಅನ್ನುತ್ತೆ, ಅದು ಕೇಳೋದು ಬರೀ ತಗೊಂಡವನ ಕೈಗೆ ಸೋರ್ಸ್ ಮತ್ತು ಅದೇ ಹಕ್ಕು ಸಿಕ್ತಾ ಅಂತ. ನಿಮ್ಮ ಕಂಪ್ಯೂಟರ್‌ನಲ್ಲಿ ನೀವೊಬ್ರೇ ಬಳಸೋ ತನಕ ಯಾವ ಕಟ್ಟುಪಾಡೂ ಇಲ್ಲ, ಇನ್ನೊಬ್ರಿಗೆ ಕಾಪಿ ಕೊಟ್ಟ ಕ್ಷಣ ಷರತ್ತು ಶುರು. ಎಜಿಪಿಎಲ್ ಒಂದು ಹೆಜ್ಜೆ ಮುಂದೆ, ನೀವು ಕೋಡನ್ನ ಬದಲಾಯಿಸಿ ಸರ್ವರ್ ಮೇಲೆ ಇಟ್ಟು ನೆಟ್‌ವರ್ಕ್ ಮೂಲಕ ಜನ ಬಳಸಿದ್ರೂ ಅವರಿಗೆ ಸೋರ್ಸ್ ಸಿಗಬೇಕು.

ಪೈಇನ್‌ಸ್ಟಾಲರ್ ಬಗ್ಗೆ ಹೆದರ್ಬೇಡಿ, ಅದೂ ಜಿಪಿಎಲ್ಲೇ ಆದ್ರೂ ಅದರಿಂದ ಕಟ್ಟಿದ ಪ್ರೋಗ್ರಾಂಗೆ ವಿಶೇಷ ವಿನಾಯಿತಿ ಬರೆದಿದಾರೆ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಾನು ಮುಂಚೆ ಇದ್ದ ಒಂದು ಕಂಪನೀಲಿ ಪ್ರಾಡಕ್ಟ್ ಬಿಡುಗಡೆಗೆ ಎರಡು ವಾರ ಇದ್ದಾಗ ಕೊಳ್ಳೋ ಗಿರಾಕಿ ಕಡೆಯ ವಕೀಲರು ಒಳಗೆ ಏನೇನು ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಇದೆ, ಯಾವುದಕ್ಕೆ ಯಾವ ಲೈಸೆನ್ಸ್ ಅಂತ ಪಟ್ಟಿ ಕೇಳಿದ್ರು. ಪಟ್ಟಿ ಮಾಡೋ ಕೆಲಸ ನಂಗೆ ಬಂತು. ಒಂದು ಫೈಲ್ ತೆರೆದ್ರೆ ಮೇಲ್ಗಡೆ ಇಪ್ಪತ್ತು ಸಾಲಿನ ಕಾಮೆಂಟ್ ಇರಬೇಕಾದ ಜಾಗ ಖಾಲಿ, ಕೋಡ್ ಶೈಲಿ ನಮ್ಮವರದ್ದಲ್ಲ, ಒಂದು ಕಾಮೆಂಟ್‌ನಲ್ಲಿ ಒಂದು ಪದದ ಸ್ಪೆಲ್ಲಿಂಗ್ ತಪ್ಪಿತ್ತು. ಆ ತಪ್ಪು ಪದವನ್ನೇ ಹಾಕಿ ಹುಡುಕಿದೆ, ಅದೇ ತಪ್ಪಿನ ಸಮೇತ ಒಂದು ಜಿಪಿಎಲ್ ಪ್ರಾಜೆಕ್ಟ್‌ನಲ್ಲಿ ಸಿಕ್ತು. ಯಾರೋ ಹೆಡರ್ ಅಳಿಸಿ ತಂದು ಹಾಕಿದ್ರು. ಆ ಭಾಗವನ್ನ ಮೊದಲಿಂದ ಬರೆಯೋಕೆ ಎರಡು ತಿಂಗಳು ಹೋಯ್ತು, ಎಲ್ಲರ ನಿದ್ದೆಯೂ ಹೋಯ್ತು. ನಿಮ್ಮದು ಇನ್ನೂ ಹೊರಗೆ ಹೋಗಿಲ್ಲ, ಅದೇ ಪುಣ್ಯ.

ಪಿಪ್-ಲೈಸೆನ್ಸಸ್ ಅಂತ ಒಂದು ಸಣ್ಣ ಟೂಲ್ ಇದೆ, ಇನ್‌ಸ್ಟಾಲ್ ಮಾಡಿ ಓಡ್ಸಿ, ಪ್ರತಿ ಪ್ಯಾಕೇಜ್ ಎದುರಿಗೆ ಲೈಸೆನ್ಸ್ ಹೆಸರು ಬರುತ್ತೆ, ಅದನ್ನ ಇಲ್ಲಿ ಹಾಕಿ ನೋಡೋಣ.

ಹೊಸಹಾದಿ ಉತ್ತರ:

ಅಯ್ಯೋ, ಇದು ಒಂಚೂರೂ ಗೊತ್ತಿರ್ಲಿಲ್ಲ. ಓಡ್ಸಿ ನೋಡ್ದೆ, ನೀವು ಹೇಳಿದ ಹಾಗೇ ಪೈಕ್ಯೂಟಿ6 ಎದುರಿಗೆ ಜಿಪಿಎಲ್, ಪೈಮ್ಯೂಪಿಡಿಎಫ್ ಎದುರಿಗೆ ಎಜಿಪಿಎಲ್, ಉಳಿದಿದ್ದೆಲ್ಲ ಎಂಐಟಿ, ಬಿಎಸ್‌ಡಿ, ಅಪಾಚೆ ಅನ್ನೋ ಸಡಿಲ ಲೈಸೆನ್ಸ್‌ಗಳು. ಆರು ತಿಂಗಳಲ್ಲಿ ಇದನ್ನ ಒಂದು ಸಲವೂ ನೋಡಿಲ್ಲ ಅಂತ ಬೇಜಾರಾಗ್ತಿದೆ. ಹಾಗಾದ್ರೆ ಸೋರ್ಸ್ ಕೊಡಲೇಬೇಕಾ ಇಲ್ಲ ಬೇರೆ ದಾರಿ ಇದೆಯಾ? ಗೆಳೆಯರಿಬ್ರಿಗೆ ಈಗಾಗ್ಲೇ ಕೊಟ್ಟಿದೀನಲ್ಲ ಅದು?

ಬಿಲ್ಡ್‌ಮುರಿದವನು ಉತ್ತರ:

ಗೆಳೆಯರಿಗೆ ಕೊಟ್ಟಿದ್ದೂ ಹಂಚಿದ ಹಾಗೇ. ಆ ಆವೃತ್ತಿಯ ಸೋರ್ಸನ್ನ ಲೈಸೆನ್ಸ್ ಫೈಲ್ ಸಮೇತ ಅವರಿಗೆ ಕಳ್ಸಿಬಿಡಿ, ಊರಿಗೆಲ್ಲ ಕೊಡ್ಬೇಕು ಅಂತೇನಿಲ್ಲ, ಬೈನರಿ, ಅಂದ್ರೆ ಕಟ್ಟಿದ ಇಎಕ್ಸ್‌ಇ, ಯಾರ ಕೈಲಿದೆಯೋ ಅವರಿಗೆ ಕೊಟ್ರೆ ಆಯ್ತು.

ದಾರಿ ಇದೆ. ಪೈಕ್ಯೂಟಿ ಜಾಗಕ್ಕೆ ಪೈಸೈಡ್6 ಹಾಕಿ, ಅದು ಎಲ್‌ಜಿಪಿಎಲ್. ಕ್ಯೂಟಿ, ಅಂದ್ರೆ ಇವೆರಡರ ಅಡಿಯಲ್ಲಿರೋ ಮೂಲ ಲೈಬ್ರರಿ, ಹಿಂದೆ ನೋಕಿಯಾ ಕೈಲಿತ್ತು, ಅದನ್ನ ಪೈಥಾನ್‌ನಿಂದ ಬಳಸೋಕೆ ಬೇಕಾದ ಬೈಂಡಿಂಗ್ ಎಲ್‌ಜಿಪಿಎಲ್‌ನಲ್ಲಿ ಇರಬೇಕು ಅಂತ ಅವರ ಆಸೆ, ಪೈಕ್ಯೂಟಿ ಮಾಡೋರ ಜೊತೆ ಮಾತುಕತೆ ಕುದುರಲಿಲ್ಲ, ಅದಕ್ಕೇ 2009ರಲ್ಲಿ ಪೈಸೈಡ್ ಅಂತ ಬೇರೆಯದೇ ಶುರು ಮಾಡಿದ್ರು. ಲೈಸೆನ್ಸ್ ಒಂದೇ ಕಾರಣಕ್ಕೆ ಹುಟ್ಟಿದ ಲೈಬ್ರರಿ ಅದು. ಕೋಡ್ ಹೆಚ್ಚು ಬದಲಾಗಲ್ಲ, ಇಂಪೋರ್ಟ್ ಸಾಲುಗಳು, ಪೈಕ್ಯೂಟಿಸಿಗ್ನಲ್ ಅನ್ನೋ ಕಡೆ ಸಿಗ್ನಲ್, ಹೀಗೆ ಸಣ್ಣಪುಟ್ಟದ್ದು. ಪಿಡಿಎಫ್ ಸೇರ್ಸೋಕೆ ಪೈಪಿಡಿಎಫ್ ಇದೆ, ಬಿಎಸ್‌ಡಿ ಲೈಸೆನ್ಸ್. ಪುಟ ಪರದೆ ಮೇಲೆ ತೋರ್ಸೋ ಕೆಲಸ ಅದಕ್ಕೆ ಬರಲ್ಲ, ಅದಕ್ಕೆ ಪೈಪಿಡಿಎಫಿಯಂ2 ಹಾಕಿ, ಕ್ರೋಮ್ ಒಳಗೆ ಪಿಡಿಎಫ್ ತೋರ್ಸೋದು ಅದೇ ಪಿಡಿಎಫಿಯಂ ಇಂಜಿನ್, ಲೈಸೆನ್ಸ್ ಕೂಡ ಸಡಿಲ.

ಎಲ್‌ಜಿಪಿಎಲ್ ಅಂದ್ರೆ ನಿಮ್ಮ ಕೋಡ್ ಮುಚ್ಚಿಟ್ಕೋಬಹುದು, ಆದ್ರೆ ಆ ಲೈಬ್ರರಿಯನ್ನ ಬಳಸೋನು ತೆಗೆದು ತಾನು ತಿದ್ದಿದ ಇನ್ನೊಂದನ್ನ ಹಾಕೋಕೆ ಆಗ್ಬೇಕು. ಅದಕ್ಕೇ ಒಂದೇ ಇಎಕ್ಸ್‌ಇ ಒಳಗೆ ಎಲ್ಲ ತುರುಕೋ ಬದಲು ಪೈಇನ್‌ಸ್ಟಾಲರ್‌ನ ಒನ್‌ಡಿರ್ ಮೋಡ್‌ನಲ್ಲಿ (ಎಲ್ಲ ಒಂದು ಫೋಲ್ಡರ್‌ನಲ್ಲಿ ಇಡೋದು) ಕಟ್ಟಿ, ಕ್ಯೂಟಿಯ ಡಿಎಲ್‌ಎಲ್ ಅನ್ನೋ ಲೈಬ್ರರಿ ಫೈಲ್‌ಗಳು ಫೋಲ್ಡರ್‌ನಲ್ಲಿ ಬೇರೆ ಬೇರೆಯಾಗಿ ಕಾಣೋ ಹಾಗೆ ಇರಲಿ. ಇನ್ನೊಂದು, ಎಲ್ಲಿಂದಲೋ ತಂದ ಎಂಡ್ ಯೂಸರ್ ಅಗ್ರಿಮೆಂಟ್‌ನಲ್ಲಿ ರಿವರ್ಸ್ ಇಂಜಿನಿಯರಿಂಗ್ (ಪ್ರೋಗ್ರಾಂ ಬಿಚ್ಚಿ ಒಳಗೆ ನೋಡೋದು) ಮಾಡಲೇಬಾರದು ಅಂತ ಒಂದು ಸಾಲು ಇದ್ದೇ ಇರುತ್ತೆ, ಅದು ಎಲ್‌ಜಿಪಿಎಲ್ ಜೊತೆ ಹೊಂದಲ್ಲ, ಲೈಬ್ರರಿ ಬದಲಾಯ್ಸಿ ಡಿಬಗ್ ಮಾಡೋಕೆ ಬೇಕಾದಷ್ಟು ಬಿಡಲೇಬೇಕು.

ಮುಕ್ತಮನಸ್ಸು ಉತ್ತರ:

ನಾನು ಬೇರೆ ಕಡೆಯಿಂದ ಹೇಳ್ತೀನಿ. ಲೈಬ್ರರಿ ಬದಲಾಯ್ಸೋ ಮುಂಚೆ ಒಂದು ಸಲ ಯೋಚ್ನೆ ಮಾಡಿ, ಸೋರ್ಸ್ ಯಾಕೆ ಕೊಡಬಾರ್ದು? ಆ ಪೈಕ್ಯೂಟಿ, ಮ್ಯೂಪಿಡಿಎಫ್ ಬರೆದವರು ತಮ್ಮ ವರ್ಷಗಳ ಕೆಲಸವನ್ನ ತೆರೆದಿಟ್ಟಿದ್ರಿಂದಲೇ ನಿಮ್ಮದು ಆರು ತಿಂಗಳಲ್ಲಿ ಮುಗೀತು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಘೋಷಣೆ ಮಾಡಿದಾಗಿಂದ ಹೇಳ್ತಾ ಬಂದಿರೋದು ಇಷ್ಟೇ, ಪ್ರೋಗ್ರಾಂ ಬಳಸೋನಿಗೆ ಅದನ್ನ ಯಾವ ಕೆಲಸಕ್ಕಾದ್ರೂ ಓಡ್ಸೋ, ಒಳಗೆ ನೋಡಿ ತಿದ್ದೋ, ಇನ್ನೊಬ್ರಿಗೆ ಹಂಚೋ, ತಿದ್ದಿದ್ದನ್ನೂ ಹಂಚೋ ಸ್ವಾತಂತ್ರ್ಯ ಇರಬೇಕು ಅಂತ. ಜಿಪಿಎಲ್ ಮೊದಲ ಆವೃತ್ತಿ 1989ರದ್ದು, ಎರಡನೇದು 1991, ಮೂರನೇದು 2007. ಎಂಐಟಿ ಲೈಸೆನ್ಸ್ ಓದಿ ನೋಡಿ, ಮೂರು ಪ್ಯಾರಾ, ಹೆಸರು ಉಳಿಸಿ ಏನಾದ್ರೂ ಮಾಡ್ಕೊಳ್ಳಿ, ಕೆಟ್ಟರೆ ನಾನು ಹೊಣೆ ಅಲ್ಲ, ಮುಗೀತು. ಅದು ಒಳ್ಳೇದೇ, ಆದ್ರೆ ಯಾರೋ ತಗೊಂಡು ಬಾಗಿಲು ಮುಚ್ಚಿ ಮಾರಿದ್ರೆ ಸುಮ್ನೆ ನೋಡ್ತಾ ಕೂರ್ಬೇಕು. ಜಿಪಿಎಲ್ ಹಾಗೆ ಬಿಡಲ್ಲ, ಕೊಟ್ಟಿದ್ದು ಕೊನೇವರೆಗೂ ಕೈ ಬದಲಾಯ್ಸಿಕೊಂಡು ಮುಕ್ತವಾಗೇ ಹೋಗುತ್ತೆ.

ಇದರ ಫಲ ನಾನು ಕಣ್ಣಾರೆ ನೋಡಿದೀನಿ. ಲಿಂಕ್‌ಸಿಸ್‌ನ ಡಬ್ಲ್ಯೂಆರ್‌ಟಿ54ಜಿ ಅಂತ ನೀಲಿ ಕಪ್ಪು ಬಣ್ಣದ ಎರಡು ಆಂಟೆನಾ ರೌಟರ್ ಇತ್ತು. ಅದರ ಒಳಗೆ ಲಿನಕ್ಸ್ ಓಡ್ತಿದೆ ಅಂತ 2003ರಲ್ಲಿ ಜನ ಕಂಡುಹಿಡಿದ್ರು, ಜಿಪಿಎಲ್ ಪ್ರಕಾರ ಸೋರ್ಸ್ ಕೇಳಿದ್ರು, ಕಂಪನಿ ಕೊಡ್ಬೇಕಾಯ್ತು. ಆ ಕೋಡಿಂದ ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ಮುಕ್ತ ಫರ್ಮ್‌ವೇರ್ (ರೌಟರ್ ಒಳಗೆ ಓಡೋ ಸಾಫ್ಟ್‌ವೇರ್) ಹುಟ್ಟಿತು. ನನ್ನ ಹತ್ರ ಇದ್ದ ಆ ರೌಟರ್, ತಯಾರಕರೇ ಕೈಬಿಟ್ಟ ಮೇಲೂ, ಆ ಫರ್ಮ್‌ವೇರ್ ಹಾಕ್ಕೊಂಡು ವರ್ಷಗಟ್ಟಲೆ ಓಡ್ತು. ಲಿನಕ್ಸ್ ಎಂಐಟಿಯಲ್ಲಿ ಇದ್ದಿದ್ರೆ ಸೋರ್ಸ್ ಕೇಳೋ ಹಕ್ಕೇ ಯಾರಿಗೂ ಇರ್ತಿರ್ಲಿಲ್ಲ.

ಪ್ರೊ ಆವೃತ್ತಿ ಮಾರೋಕೂ ಅಡ್ಡಿ ಇಲ್ಲ. ಪೈಕ್ಯೂಟಿಯವರು ಮಾಡಿರೋದೇ ಅದಲ್ವಾ, ತೆರೆದಿಡೋರಿಗೆ ಜಿಪಿಎಲ್, ಮುಚ್ಚಿಡೋರಿಗೆ ದುಡ್ಡಿನ ಲೈಸೆನ್ಸ್. ಒಂದೇ ಒಂದು ಎಚ್ಚರ, ಹೀಗೆ ಎರಡು ಲೈಸೆನ್ಸ್ ಕೊಡೋಕೆ ಕೋಡೆಲ್ಲದರ ಕಾಪಿರೈಟ್ ನಿಮ್ಮದೇ ಆಗಿರ್ಬೇಕು. ಬೇರೆಯವರು ಪ್ಯಾಚ್, ಅಂದ್ರೆ ಕೋಡಿಗೆ ತಿದ್ದುಪಡಿ, ಕಳ್ಸಿದ್ರೆ ಆ ಸಾಲುಗಳು ಅವರದ್ದು. ವಿಎಲ್‌ಸಿ ಪ್ಲೇಯರ್‌ನ ಇಂಜಿನ್ನನ್ನ ಜಿಪಿಎಲ್‌ನಿಂದ ಎಲ್‌ಜಿಪಿಎಲ್‌ಗೆ ತರೋಕೆ 2011ರ ಆಸುಪಾಸಿನಲ್ಲಿ ಕೋಡ್ ಕೊಟ್ಟ ನೂರಕ್ಕೂ ಹೆಚ್ಚು ಜನರನ್ನ ಹುಡುಕಿ ಹುಡುಕಿ ಒಪ್ಪಿಗೆ ತಗೋಬೇಕಾಯ್ತು. ಮೊದಲೇ ಒಂದು ಒಪ್ಪಂದ ಮಾಡ್ಕೊಂಡ್ರೆ ಈ ಪಾಡು ತಪ್ಪುತ್ತೆ. ಅಂದಹಾಗೆ, ಎಜಿಪಿಎಲ್ ಪೈಮ್ಯೂಪಿಡಿಎಫ್ ಒಳಗೆ ಇಟ್ಕೊಂಡು ನೀವು ಕಮರ್ಷಿಯಲ್ ಲೈಸೆನ್ಸ್ ಮಾರೋಕೆ ಆಗಲ್ಲ, ಅವರ ಹತ್ರ ಕೊಂಡ್ರೆ ಮಾತ್ರ.

ಹಳೇಫ್ಲಾಪಿ ಉತ್ತರ:

ಮುಕ್ತಮನಸ್ಸು ಅವರೇ, ನಿಮ್ಮ ಕಳಕಳಿ ಅರ್ಥ ಆಗುತ್ತೆ, ನಾನೂ ಲಿನಕ್ಸ್ ಬಳಸೋನೇ. ಆದ್ರೆ ತಾನು ಬರೆದ ಕೋಡನ್ನ ಮುಚ್ಚಿಟ್ಕೊಳ್ಳೋದು ಬರೆದವರ ಹಕ್ಕು, ಅದನ್ನ ಕೀಳು ಅಂತ ನೋಡಬಾರ್ದು. ಅವರು ಇನ್ನೊಬ್ರ ಷರತ್ತು ಮುರಿಯದೆ ಇದ್ರೆ ಸಾಕು. ಜೊತೆಗೆ ತೆರೆದಿಟ್ಟ ಸೋರ್ಸ್ ಅಂದ್ರೆಲ್ಲ ಓಪನ್ ಸೋರ್ಸ್ ಅಲ್ಲ ಅನ್ನೋದನ್ನೂ ಹೊಸಹಾದಿಯವರು ತಿಳ್ಕೊಂಡಿರ್ಲಿ. ಓಪನ್ ಸೋರ್ಸ್ ಅನ್ನೋ ಪದ 1998ರಲ್ಲಿ ಕ್ರಿಸ್ಟೀನ್ ಪೀಟರ್ಸನ್ ಕೊಟ್ಟಿದ್ದು, ಅದೇ ವರ್ಷ ಓಪನ್ ಸೋರ್ಸ್ ಇನಿಶಿಯೇಟಿವ್ ಶುರುವಾಗಿ ಒಂದು ವ್ಯಾಖ್ಯಾನ ಬಂತು. ಅದರ ಪ್ರಕಾರ ವ್ಯಾಪಾರಕ್ಕೆ ಬಳಸಬೇಡಿ ಅಂತ ಒಂದು ಸಾಲು ಸೇರ್ಸಿದ್ರೂ ಅದು ಓಪನ್ ಸೋರ್ಸ್ ಆಗಲ್ಲ. ಸರ್ವರ್‌ಗಳನ್ನ ಏರ್ಪಡಿಸೋ ಟೂಲ್ ಟೆರಾಫಾರ್ಮ್ ನೋಡಿ, ಎಂಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸ್‌ನಲ್ಲಿ ಇದ್ದಿದ್ದನ್ನ ಅದರ ಕಂಪನಿ ಹಾಶಿಕಾರ್ಪ್ 2023ರ ಆಗಸ್ಟ್‌ನಲ್ಲಿ ಬಿಸಿನೆಸ್ ಸೋರ್ಸ್ ಲೈಸೆನ್ಸ್‌ಗೆ ಬದಲಾಯಿಸಿದ್ರು, ಕೋಡ್ ಈಗಲೂ ಎಲ್ರಿಗೂ ಕಾಣುತ್ತೆ, ಆದ್ರೆ ಅವರಿಗೆ ಪೈಪೋಟಿ ಕೊಡೋ ಸೇವೆ ಕಟ್ಟೋ ಹಾಗಿಲ್ಲ. ಹಳೇ ಆವೃತ್ತಿಯ ಹಕ್ಕು ವಾಪಸ್ ಕಿತ್ಕೊಳ್ಳೋಕೆ ಆಗಲ್ವಲ್ಲ, ಅದನ್ನೇ ಹಿಡಿದು ಬೇರೆಯವರು ಓಪನ್‌ಟೋಫು ಅಂತ ಕವಲು ಒಡೆದ್ರು.

ಇನ್ನೊಂದು ಉದಾಹರಣೆ ನಿಮ್ಮ ಪರದೆ ಮೇಲೇ ಇರಬಹುದು. ಕೋಡ್ ಬರೆಯೋ ಎಡಿಟರ್ ವಿಎಸ್ ಕೋಡ್‌ನ ಸೋರ್ಸ್ ಎಂಐಟಿ, ಆದ್ರೆ ಮೈಕ್ರೋಸಾಫ್ಟ್ ಸೈಟಿಂದ ಇಳ್ಸಿಕೊಳ್ಳೋ ಇನ್‌ಸ್ಟಾಲರ್‌ಗೆ ಅವರದೇ ಬೇರೆ ಲೈಸೆನ್ಸ್. ಅದೇ ಸೋರ್ಸಿಂದ ಬೇರೆಯವರು ಕಟ್ಟಿ ಕೊಡೋದು ವಿಎಸ್‌ಕೋಡಿಯಂ. ಸೋರ್ಸ್‌ನ ಲೈಸೆನ್ಸ್ ಬೇರೆ, ಹಂಚೋ ಬೈನರಿಯ ಲೈಸೆನ್ಸ್ ಬೇರೆ ಇರಬಹುದು, ಎರಡನ್ನೂ ಓದ್ಬೇಕು.

ಸಾಲುಸಾಲು ಉತ್ತರ:

ಒಂದು ಸಣ್ಣ ಪ್ರಶ್ನೆ ನಡುವೆ. ನಾನು ಗಿಟ್‌ಹಬ್ ಅನ್ನೋ ಕೋಡ್ ಹಂಚೋ ಸೈಟ್‌ನಲ್ಲಿ ಕೋಡ್ ಹಾಕಿದೀನಿ, ಲೈಸೆನ್ಸ್ ಫೈಲೇ ಹಾಕಿಲ್ಲ, ಅಂದ್ರೆ ಯಾರು ಬೇಕಾದ್ರೂ ಬಳಸ್ಕೋಬಹುದು ಅಂತ ತಾನೇ?

ಬಿಲ್ಡ್‌ಮುರಿದವನು ಉತ್ತರ:

ಇಲ್ಲ, ಪೂರ್ತಿ ಉಲ್ಟಾ. ಏನೂ ಬರೀದಿದ್ರೆ ಕಾಪಿರೈಟ್ ಪೂರ್ತಿ ನಿಮ್ಮದೇ, ಬೇರೆಯವರಿಗೆ ಯಾವ ಅನುಮತಿಯೂ ಇಲ್ಲ. ಗಿಟ್‌ಹಬ್ ಒಳಗೆ ನೋಡಬಹುದು, ಫೋರ್ಕ್ (ಅಲ್ಲೇ ತಮ್ಮದೊಂದು ಕಾಪಿ) ಮಾಡಬಹುದು, ಅಷ್ಟೇ. ನಿಯತ್ತಿನವರು ನಿಮ್ಮ ಕೋಡ್ ಮುಟ್ಟಲ್ಲ. ಎಲ್ರೂ ಬಳಸ್ಲಿ ಅನ್ನೋದು ನಿಮ್ಮ ಆಸೆ ಆದ್ರೆ ಎಂಐಟಿ ಹಾಕಿ, ಪೇಟೆಂಟ್ ವಿಷಯವೂ ಸ್ಪಷ್ಟ ಇರ್ಲಿ ಅಂದ್ರೆ ಅಪಾಚೆ 2.0. ಪಬ್ಲಿಕ್ ಡೊಮೈನ್, ಅಂದ್ರೆ ಯಾರ ಕಾಪಿರೈಟೂ ಇಲ್ಲ, ಅಂತ ಬರೆಯೋಕೆ ಹೋಗ್ಬೇಡಿ, ಕೆಲವು ದೇಶಗಳಲ್ಲಿ ಬರೆದವನು ತನ್ನ ಹಕ್ಕನ್ನ ಹಾಗೆ ಬಿಟ್ಟುಕೊಡೋಕೆ ಕಾನೂನಲ್ಲಿ ದಾರಿ ಇಲ್ಲ. ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್ ಪಬ್ಲಿಕ್ ಡೊಮೈನೇ, ಆದ್ರೂ ಕಾಗದ ಬೇಕು ಅನ್ನೋ ಕಂಪನಿಗಳಿಗೆ ಅಂತಾನೇ ಅವರು ದುಡ್ಡು ತಗೊಂಡು ಹಕ್ಕಿನ ವಾರಂಟಿ ಬರೆದು ಕೊಡ್ತಾರೆ. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸನ್ನೂ ಕೋಡಿಗೆ ಹಾಕ್ಬೇಡಿ, ಅವರೇ ಬೇಡ ಅಂತಾರೆ, ಅದು ಬರಹ ಚಿತ್ರಗಳಿಗೆ.

ಹೊಸಹಾದಿ ಉತ್ತರ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನ ಯೋಚ್ನೆ ಮಾಡ್ದೆ. ಪೈಸೈಡ್‌ಗೆ ಬದಲಾಯ್ಸಿದ್ದು ಒಂದು ಸಾಯಂಕಾಲದ ಕೆಲಸ ಆಯ್ತು, ಪೈಪಿಡಿಎಫ್‌ಗೆ ಬರೋದು ಇನ್ನೂ ನಡೀತಿದೆ, ಪುಟ ಸಂಖ್ಯೆ ಹಾಕೋ ಭಾಗ ಹೊಸದಾಗಿ ಬರೀತಿದೀನಿ. ಮುಕ್ತಮನಸ್ಸು ಅವರ ಮಾತು ತಲೇಲಿ ಉಳೀತು, ಹಾಗಾಗಿ ಪಿಡಿಎಫ್ ಸೇರ್ಸೋ ಪುಟ ಜೋಡ್ಸೋ ಒಳಗಿನ ಭಾಗವನ್ನ ಬೇರೆ ಪ್ಯಾಕೇಜ್ ಮಾಡಿ ಎಂಐಟಿಯಲ್ಲಿ ತೆರೆದಿಡ್ತೀನಿ, ಮೇಲಿನ ಆ್ಯಪ್ ಮಾತ್ರ ಫ್ರೀವೇರ್. ಜಿಪಿಎಲ್ ಹಾಕಿಲ್ಲ ಅಂತ ಅವರಿಗೆ ಬೇಜಾರಾಗದಿರ್ಲಿ. ಗೆಳೆಯರಿಗೆ ಹಳೇ ಆವೃತ್ತಿಯ ಸೋರ್ಸ್ ಕಳ್ಸಿದೀನಿ.

ಇನ್ನೊಂದೇ ಪ್ರಶ್ನೆ, ಈ ಎಂಐಟಿ ಬಿಎಸ್‌ಡಿ ಲೈಬ್ರರಿಗಳಿಗೆ ನಾನು ಏನೂ ಮಾಡ್ಬೇಕಾಗಿಲ್ಲ ತಾನೇ? ಒಳಗೆ ಒಂದು ಫಾಂಟ್ ಕೂಡ ಸೇರ್ಸಿದೀನಿ, ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅಂತಿದೆ.

ಬಿಲ್ಡ್‌ಮುರಿದವನು ಉತ್ತರ:

ಮಾಡ್ಬೇಕು, ಎಲ್ರೂ ಮರೆಯೋದೇ ಇದನ್ನ. ಎಂಐಟಿ ಬಿಎಸ್‌ಡಿ ಕೇಳೋದು ಒಂದೇ, ಕಾಪಿರೈಟ್ ಸಾಲು ಮತ್ತೆ ಲೈಸೆನ್ಸ್ ಪಠ್ಯ ಕಾಪಿ ಜೊತೆ ಹೋಗ್ಬೇಕು. ಪ್ರೋಗ್ರಾಂ ಫೋಲ್ಡರ್‌ನಲ್ಲಿ ಲೈಸೆನ್ಸಸ್ ಅಂತ ಒಂದು ಫೋಲ್ಡರ್ ಮಾಡಿ, ಪ್ರತಿ ಲೈಬ್ರರಿಯ ಲೈಸೆನ್ಸ್ ಫೈಲನ್ನ ಇದ್ದ ಹಾಗೇ ಅಲ್ಲಿ ಹಾಕಿ, ಪೈಸೈಡ್‌ದಕ್ಕೆ ಎಲ್‌ಜಿಪಿಎಲ್ ಜೊತೆ ಜಿಪಿಎಲ್ ಪಠ್ಯವನ್ನೂ ಇಡ್ಬೇಕು, ಯಾಕಂದ್ರೆ ಆವೃತ್ತಿ 3ರಲ್ಲಿ ಎಲ್‌ಜಿಪಿಎಲ್ ಅನ್ನೋದು ಜಿಪಿಎಲ್ ಮೇಲೆ ಕೊಟ್ಟ ಹೆಚ್ಚುವರಿ ಅನುಮತಿ. ಅಬೌಟ್ ವಿಂಡೋದಲ್ಲಿ ಒಂದು ಬಟನ್ ಒತ್ತಿದ್ರೆ ಆ ಫೋಲ್ಡರ್ ತೆರೆಯೋ ಹಾಗೆ ಮಾಡಿ. ಫಾಂಟನ್ನ ಆ್ಯಪ್ ಜೊತೆ ಸೇರ್ಸಿ ಕೊಡಬಹುದು, ಮುಂದೆ ಪ್ರೊ ಮಾರುವಾಗಲೂ ಸೇರ್ಸಬಹುದು, ಫಾಂಟೊಂದನ್ನೇ ಬಿಡಿಯಾಗಿ ಮಾರೋ ಹಾಗಿಲ್ಲ. ಮತ್ತೆ ಫಾಂಟ್ ಫೈಲ್ ನೀವು ತಿದ್ದಿದ್ರೆ, ಲೈಸೆನ್ಸ್‌ನಲ್ಲಿ ರಿಸರ್ವ್ಡ್ ಫಾಂಟ್ ನೇಮ್ ಅಂತ ಏನಾದ್ರೂ ಬರೆದಿದೆಯಾ ನೋಡಿ, ಇದ್ರೆ ತಿದ್ದಿದ್ದಕ್ಕೆ ಅದೇ ಹೆಸರು ಇಡಬೇಡಿ. ಒನ್‌ಡಿರ್ ಬಿಲ್ಡ್ ಆದ ಮೇಲೆ ಒಂದು ಜಿಪ್ ಕಳ್ಸಿ, ಫೋಲ್ಡರ್ ಒಳಗೆ ಏನೇನು ಬಂದಿದೆ ಅಂತ ನಾನೂ ಒಂದು ಸಲ ನೋಡ್ತೀನಿ.